ಪರಿವಿಡಿ ಹಾಕಿದ ಟೋಪಿ

ನಿವೃತ್ತಿಯಾದ ಮೇಲೆ ಮನುಷ್ಯ ಸಕ್ಕರೆ ಕಾಯಿಲೆ ತರಿಸಿಕೊಳ್ಳುತ್ತಾನೆ, ಇಲ್ಲವೇ ಪುಸ್ತಕ ಬರೆಯುತ್ತಾನೆ. ನನಗೆ ಎರಡೂ ಒಂದೇ ವರ್ಷ ಅಂಟಿಕೊಂಡವು. ಸಕ್ಕರೆ ಹೇಗೋ ಹತೋಟಿಗೆ ಬಂತು. ಪುಸ್ತಕ ಬರಲಿಲ್ಲ.

ಬರೆದದ್ದು ಗುಬ್ಬಿಯ ನಮ್ಮ ಮನೆತನದ ಕಥೆ. ತುಮಕೂರಿನ ಮನೆಯ ಪಡಸಾಲೆಯಲ್ಲಿ ಕೂತು, ಮಗ ಬಿಟ್ಟುಹೋದ ಹಳೆಯ ಕಂಪ್ಯೂಟರಿನಲ್ಲಿ, ಹಳೆಯ 'ನುಡಿ' ತಂತ್ರಾಂಶದಲ್ಲಿ, ಎರಡೇ ಬೆರಳಿನಲ್ಲಿ ಕುಟ್ಟಿದೆ. ಒಟ್ಟು 14 ಅಧ್ಯಾಯ. ಪ್ರತಿ ಅಧ್ಯಾಯದ ಹೆಸರನ್ನೂ ದಪ್ಪ ಮಾಡಿ, ದೊಡ್ಡದು ಮಾಡಿ, ನಡುವಿಗೆ ತಂದು ಕೂರಿಸಿದೆ. ಆಮೇಲೆ ಮೊದಲ ಪುಟಕ್ಕೆ ಪರಿವಿಡಿ. ಅಧ್ಯಾಯದ ಹೆಸರಿನಿಂದ ಪುಟಸಂಖ್ಯೆಯವರೆಗೆ ಚುಕ್ಕಿ ಇಡಬೇಕಲ್ಲ, ಪೂರ್ಣವಿರಾಮದ ಕೀಲಿಯನ್ನು ಒತ್ತಿದೆ, ಒತ್ತಿದೆ, ಒತ್ತುತ್ತಲೇ ಇದ್ದೆ. ನಮ್ಮಮ್ಮ ಧನುರ್ಮಾಸದಲ್ಲಿ ಇಟ್ಟ ರಂಗೋಲಿ ಚುಕ್ಕಿಯೆಲ್ಲ ಸೇರಿದರೂ ಅಷ್ಟಾಗಲಿಕ್ಕಿಲ್ಲ. ಅಷ್ಟಾಗಿಯೂ ಬಲಗಡೆಯ ಅಂಕಿಗಳು ರೈಲು ತಪ್ಪಿಸಿಕೊಂಡ ಜಾತ್ರೆ ಜನದ ಹಾಗೆ ಒಂದು ಮುಂದೆ, ಒಂದು ಹಿಂದೆ ನಿಂತವು.

ಹೋಗಲಿ ಎನ್ನೋಣ. ಆದರೆ ಮೂರನೇ ಅಧ್ಯಾಯದಲ್ಲಿ ಅಜ್ಜಿಯ ಹಪ್ಪಳದ ವಿಷಯ ಬಿಟ್ಟುಹೋಗಿತ್ತು. ಸೇರಿಸಿದೆ. ಅಜ್ಜಿ ಬದುಕಿದ್ದಾಗಲೂ ಚಿಕ್ಕದಾಗಿ ಮಾತಾಡಿದವರಲ್ಲ, ಎರಡು ಪುಟ ತಿಂದರು. ನಾಲ್ಕರಿಂದ ಹದಿನಾಲ್ಕರವರೆಗೆ ಪರಿವಿಡಿಯ ಅಂಕಿಗಳೆಲ್ಲ ಸುಳ್ಳಾದವು. ತಿದ್ದಿದೆ. ತಾತನ ಫೋಟೊ ಸಿಕ್ಕಿತು, ಮತ್ತೆ ತಿದ್ದಿದೆ.

ಇಂಥ ಹೊತ್ತಿನಲ್ಲೇ ನನಗೆ ಕುಮಾರವ್ಯಾಸನ ಮೇಲೆ ಹೊಟ್ಟೆಕಿಚ್ಚಾದದ್ದು. ಆತನ ಪ್ರತಿ ಸಂಧಿಯ ಮೊದಲಿಗೂ ಸೂಚನೆಯ ಪದ್ಯವಿದೆ, ಮುಂದೇನು ಬರುತ್ತದೆಂದು ಅದೇ ಹೇಳಿಬಿಡುತ್ತದೆ. ವಿಳಾಸ ಬೇಕೆಂದರೆ ಪರ್ವ, ಸಂಧಿ, ಪದ್ಯದ ಸಂಖ್ಯೆ. ಪುಟ ಹೆಚ್ಚಲಿ, ತಗ್ಗಲಿ, ವಿಳಾಸ ಕದಲುವುದಿಲ್ಲ. ಗದುಗಿನ ನಾರಣಪ್ಪನಿಗೆ ಹಪ್ಪಳದ ಅಜ್ಜಿ ಇರಲಿಲ್ಲವೆಂದಲ್ಲ. ಆತ ಪುಟವನ್ನು ನಂಬಿ ಕೆಡಲಿಲ್ಲ.

ಯುಗಾದಿಗೆ ಕುಣಿಗಲ್ಲಿನಿಂದ ತಂಗಿಯ ಮಗಳು ಬಂದಳು. ಇಂಜಿನಿಯರಿಂಗ್ ಓದುವ ಹುಡುಗಿ. ಪರದೆ ನೋಡಿ ಹಣೆ ಚಚ್ಚಿಕೊಂಡಳು.

"ಮಾವ, ಚುಕ್ಕಿನೆಲ್ಲ ಕೈಯಲ್ಲೇ ಇಟ್ರಾ?"

"ಇನ್ಯಾರು ಇಡ್ತಾರಮ್ಮ?"

"ಇದು ಅಧ್ಯಾಯದ ಹೆಸರು ಅಂತ ಕಂಪ್ಯೂಟರಿಗೆ ಹೇಳೇ ಇಲ್ವಲ್ಲ ನೀವು."

"ಅಷ್ಟು ದಪ್ಪಗೆ ಕಾಣ್ತಿದೆ, ಅದಕ್ಕೆ ಕಣ್ಣಿಲ್ವೇನೇ?"

ಅವಳು ಹೆಸರಿನ ಸಾಲಿನ ಮೇಲೆ ಕರ್ಸರ್ ಇಟ್ಟು 'ಹೆಡಿಂಗ್ 1' ಎಂಬುದನ್ನು ಒತ್ತಿದಳು. ನೋಡುತ್ತಿದ್ದ ಹಾಗೇ 'ನಮ್ಮ ಮೂಲ' ಮಾಯ! ಆ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಟೋಪಿ, ಚುಕ್ಕಿ, ಅಡ್ಡಗೀಟು ಧರಿಸಿ ಸಾಲಾಗಿ ನಿಂತಿದ್ದವು. ನಮ್ಮ ಮೂಲ ಗುಬ್ಬಿಯಲ್ಲ, ಯುರೋಪು ಎಂದು ಆಗಲೇ ಗೊತ್ತಾದದ್ದು.

ತಪ್ಪು ನುಡಿಯದಲ್ಲ. ಆ ಹಳೆಯ ಪದ್ಧತಿಯಲ್ಲಿ ಕನ್ನಡಕ್ಕೆ ಸ್ವಂತ ಕುರ್ಚಿಯಿರಲಿಲ್ಲ. ಇಂಗ್ಲಿಷಿನವರ ಕುರ್ಚಿಯಲ್ಲಿ ಕೂತು, ಫಾಂಟಿನ ವೇಷದಿಂದ ಕನ್ನಡವಾಗಿ ಕಾಣುತ್ತಿತ್ತು. ಹೆಡಿಂಗ್ ಶೈಲಿಯ ಫಾಂಟ್ ಬೇರೆ, ಹಾಗಾಗಿ ವೇಷ ಕಳಚಿತು. ಗುಬ್ಬಿಯವನಾದ ನನಗೆ ಇದು ಹೊಳೆಯಬೇಕಿತ್ತು. 1884ರಲ್ಲಿ ನಾಟಕ ಕಂಪನಿ ಹುಟ್ಟಿದ ಊರು ನಮ್ಮದು. ಆ ಕಂಪನಿಯ ಗುಬ್ಬಿ ವೀರಣ್ಣನವರು 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದವರು. ಕಿರೀಟ ಇಟ್ಟವರೆಲ್ಲ ದುರ್ಯೋಧನರಲ್ಲ, ಪಾತ್ರ ಹಂಚಿದ ಮೇಲೆ ಕಿರೀಟ. ನಾನು ಪಾತ್ರವನ್ನೇ ಹಂಚದೆ ಬಣ್ಣ ಬಳಿದಿದ್ದೆ.

ಹುಡುಗಿ ಕಡತವನ್ನೆಲ್ಲ ಯೂನಿಕೋಡಿಗೆ ಬದಲಿಸಿದಳು. ಕನ್ನಡಕ್ಕೆ ಸ್ವಂತ ಕುರ್ಚಿ ಬಂತು. ಆಮೇಲೆ ಶೈಲಿಗಳ ವಂಶಾವಳಿ ಬಿಡಿಸಿದಳು: 'ನಾರ್ಮಲ್' ಎಂಬುದೊಂದು ಮೂಲಪುರುಷ, ಮಿಕ್ಕವು ಅದರ ಮಕ್ಕಳು ಮೊಮ್ಮಕ್ಕಳು, ತಂದೆಯ ಫಾಂಟ್ ಬದಲಾದರೆ, ತಮ್ಮದೇ ಎಂದು ಹಟ ಹಿಡಿಯದ ಮಕ್ಕಳದೂ ಬದಲಾಗುತ್ತದೆ. ಕುಣಿಗಲ್ಲಿನ ಹುಡುಗಿ ಅಲ್ಲವೇ, ಕುದುರೆ ಫಾರಂ ಊರಿನದು. ಅಲ್ಲಿ ಮರಿ ಹುಟ್ಟಿದರೆ ಮೊದಲು ಕೇಳುವುದೇ ಅಪ್ಪ ಯಾರು, ಅಮ್ಮ ಯಾರು. ನನಗೆ ಮಾತ್ರ ನೆನಪಾದದ್ದು ಕ್ಯಾತ್ಸಂದ್ರದ ತಟ್ಟೆ ಇಡ್ಲಿ. ಶೈಲಿಯೆಂದರೆ ತಟ್ಟೆ, ಸಾಲೆಂದರೆ ಹಿಟ್ಟು. ವ್ಯತ್ಯಾಸ ಇಷ್ಟೇ, ಇಲ್ಲಿ ತಟ್ಟೆ ದೊಡ್ಡದು ಮಾಡಿದರೆ ಆಗಲೇ ಬೆಂದ ಇಡ್ಲಿಗಳೂ ದೊಡ್ಡವಾಗುತ್ತವೆ.

ಹದಿನಾಲ್ಕಕ್ಕೂ ಹೆಡಿಂಗ್ ಕೊಟ್ಟು, ಪರಿವಿಡಿ ಎಂದು ಹೇಳಿದ್ದೇ ತಡ, ಚುಕ್ಕಿ ಸಮೇತ ಎದ್ದು ನಿಂತಿತು. ಅಂಕಿಗಳು ಕವಾಯತಿನ ಪೊಲೀಸರ ಹಾಗೆ ಒಂದೇ ಗೆರೆ. "ಏನಾದ್ರೂ ಸೇರಿಸಿದ್ರೆ ಇದರ ಮೇಲೆ ಕ್ಲಿಕ್ ಮಾಡಿ ಎಫ್9 ಒತ್ತಿ ಮಾವ, ಅದೇ ಸರಿಹೋಗತ್ತೆ," ಎಂದು ಹೇಳಿ ಹೋಳಿಗೆ ಕಟ್ಟಿಸಿಕೊಂಡು ಹೋದಳು.

ಆಮೇಲಿನ ವಾರ ನಾನು ಮಾಡಿದ್ದೆಂದರೆ ಎಫ್9 ಒತ್ತಿದ್ದು. ಅಜ್ಜಿಯನ್ನು ನಾಲ್ಕು ಪುಟ ಮಾಡಿದೆ, ಒತ್ತಿದೆ. ಮೂರಕ್ಕಿಳಿಸಿದೆ, ಒತ್ತಿದೆ. ಹೊಸ ಅಗಸ ಬಟ್ಟೆ ಎತ್ತೆತ್ತಿ ಒಗೆದನಂತೆ. ನಾನೂ ಕಂಡ ಕಂಡ ಉಪಶೀರ್ಷಿಕೆಗೆಲ್ಲ ಹೆಡಿಂಗ್ ಕೊಟ್ಟೆ. ಕೊನೆಗೆ ಕಡತವನ್ನು ಕುಣಿಗಲ್ಲಿಗೆ ಕಳಿಸಿದೆ, ಭಾವ ಒಮ್ಮೆ ನೋಡಲಿ ಎಂದು. ಭಾವ ಪುಸ್ತಕ ಓದುವವರಲ್ಲ, ಯಾವ ಪುಸ್ತಕವಾದರೂ ಪರಿವಿಡಿ ನೋಡಿ ಮಡಚಿಡುವವರು. ಆ ಧೈರ್ಯದ ಮೇಲೆಯೇ ಹನ್ನೊಂದನೇ ಅಧ್ಯಾಯದ ನಡುವಿನಲ್ಲಿ, ಮದುವೆಯಲ್ಲಿ ಅವರು ವಾಚು ಚಿಕ್ಕದಾಯಿತೆಂದು ಮುನಿಸಿಕೊಂಡು ಮೂರು ಗಂಟೆ ಛತ್ರದ ಹಿತ್ತಲಲ್ಲಿ ಕೂತದ್ದನ್ನು ಬರೆದಿದ್ದೆ.

ಸಂಜೆ ಹುಡುಗಿಯ ಫೋನು. ದನಿ ತಗ್ಗಿಸಿ ಮಾತಾಡುತ್ತಿದ್ದಳು.

"ಮಾವ, ಹನ್ನೊಂದರಲ್ಲಿ ಒಂದಿಡೀ ಪ್ಯಾರಾಗೆ ಹೆಡಿಂಗ್ ಕೊಟ್ಟುಬಿಟ್ಟಿದ್ದೀರ. ವಾಚಿಂದು. ಪೂರ್ತಿ ಪರಿವಿಡಿಗೆ ಬಂದು ಕೂತಿದೆ."

"ಅಯ್ಯೋ! ಭಾವ ಎಲ್ಲಿದ್ದಾರೆ?"

"ಹಿತ್ತಲಲ್ಲಿ."