ಕ್ರ್ಯಾಶ್ ಮೀಮಾಂಸೆ: ತುಂಗಾ-ಭದ್ರಾ ತೀರದ ಅಸೆಂಬಲ್ಡ್ ಗಣಕಗಳನ್ನು ಕುರಿತು

ಶಿವಮೊಗ್ಗ ಮತ್ತು ಭದ್ರಾವತಿಯ ಮನೆಗಳಲ್ಲಿ ಕೈಯಾರೆ ಜೋಡಿಸಿದ ಕಂಪ್ಯೂಟರುಗಳ ಮೇಲೆ ಆಟ ರಂಗೇರುತ್ತಿದ್ದಾಗಲೇ ದೊಪ್ಪೆಂದು ಬಿದ್ದುಹೋಗುವ ವಿದ್ಯಮಾನವನ್ನು ನಮ್ಮ ವಿದ್ವತ್ ಲೋಕ ಅಕ್ಷಮ್ಯವಾಗಿ ಕಡೆಗಣಿಸಿದೆ. ಕೆಳದಿಯ ಶಾಸನಗಳಿಗೂ ಅಡಿಕೆಯ ಕೊಳೆರೋಗಕ್ಕೂ ಸಲ್ಲುವ ಗೌರವ ಗ್ರಾಫಿಕ್ಸ್ ಕಾರ್ಡಿಗೆ ಇನ್ನೂ ಸಂದಿಲ್ಲ. ಮೊದಲ ತೊಡಕು ಪರಿಭಾಷೆಯದು. ಚಿತ್ರ ನಿಂತಲ್ಲೇ ನಿಂತು ಸ್ಪೀಕರು ಒಂದೇ ಸ್ವರವನ್ನು ಜೀರುಂಡೆಯ ಹಾಗೆ ಎಳೆಯುವುದು, ಆಟ ಮಾಯವಾಗಿ ಡೆಸ್ಕ್‌ಟಾಪಿನ ಮೇಲಿನ ಮನೆದೇವರು ದರ್ಶನ ಕೊಡುವುದು, ನೀಲಿ ಪರದೆ, ತಾನಾಗಿ ಆಗುವ ರೀಸ್ಟಾರ್ಟ್, ಫಟ್ಟೆಂದು ಎಲ್ಲವೂ ಆಫ್ ಆಗುವುದು, ಈ ಐದೂ ಬೇರೆಬೇರೆ ಜಾತಿಯ ರೋಗಗಳು. ಜನ ಮಾತ್ರ ಐದಕ್ಕೂ ‘ಕ್ರ್ಯಾಶ್ ಆಯ್ತು’ ಅನ್ನುತ್ತಾರೆ, ಎಲ್ಲ ಜ್ವರಕ್ಕೂ ‘ವೈರಲ್’ ಅನ್ನುವ ಹಾಗೆ. ಹೆಸರು ಒಂದಾದ ಮೇಲೆ ಆರೋಪಿಯೂ ಒಬ್ಬನೇ ಆಗುತ್ತಾನೆ. ಆದ್ದರಿಂದ ಈ ಪ್ರಬಂಧದ ಪ್ರತಿಜ್ಞೆಯನ್ನು ಇಲ್ಲೇ ಇಟ್ಟುಬಿಡುತ್ತೇನೆ: ಆಟ ಬಿದ್ದಾಗ ಆರೋಪ ಹೊರುವುದು ಡಬ್ಬದೊಳಗಿನ ಅತಿ ದುಬಾರಿ ವಸ್ತು, ಅಪರಾಧ ಎಸಗಿರುವುದು ಬಹುಮಟ್ಟಿಗೆ ಅತಿ ಅಗ್ಗದ ವಸ್ತು.

ಹೇತುವಿಗೆ ಕೈಹಾಕುವ ಮೊದಲು ‘ಅಸೆಂಬಲ್ಡ್’ ಎಂಬ ಪದದ ತತ್ತ್ವ ತಿಳಿಯಬೇಕು. ಬಿಡಿಭಾಗಗಳಿಗಿಂತ ಬೇರೆಯಾದ ‘ಅವಯವಿ’ ಎಂಬ ಇಡೀ ವಸ್ತು ಉಂಟೆಂದು ನೈಯಾಯಿಕರೂ, ಇಲ್ಲವೇ ಇಲ್ಲವೆಂದು ಬೌದ್ಧರೂ ಶತಮಾನಗಟ್ಟಲೆ ಜಗಳವಾಡಿದರು. ಇಬ್ಬರ ಕೈಯಲ್ಲೂ ವಾರಂಟಿ ಕಾರ್ಡು ಇರಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲೆ ಕೂತು ಬಂದ ಮದರ್‌ಬೋರ್ಡು, ಆನ್‌ಲೈನಿನಲ್ಲಿ ತರಿಸಿದ ಪ್ರೊಸೆಸರು, ದುರ್ಗಿಗುಡಿಯಲ್ಲಿ ಕೊಂಡ ಕ್ಯಾಬಿನೆಟ್ಟು, ಯಾರದೋ ಹಳೆಯ ಮಷಿನ್ನಿಂದ ಕಳಚಿದ ಎಸ್‌ಎಂಪಿಎಸ್ಸು, ಇವುಗಳಲ್ಲಿ ಒಂದೊಂದನ್ನೂ ಅದರದರ ಅಂಗಡಿಗೆ ಒಯ್ದರೆ ‘ನಮ್ದು ಸರಿಯಿದೆ ಸಾರ್’ ಎಂಬ ಉತ್ತರ ಬರುತ್ತದೆ. ಅದು ಸುಳ್ಳೂ ಅಲ್ಲ. ಭಾಗಗಳೆಲ್ಲ ನಿರ್ದೋಷಿ, ಇಡಿಯೇ ದೋಷಿ. ವಾರಂಟಿ ಅವಯವಗಳಿಗೆ ಮಾತ್ರ, ಕ್ರ್ಯಾಶ್ ಆಗುವುದು ಅವಯವಿ. ಬೌದ್ಧರು ಈ ಒಂದು ಸಂಗತಿಯಲ್ಲಿ ಸೋತರೆಂದು ಖಂಡಿತವಾಗಿ ಹೇಳಬಹುದು. ಇಡೀ ಡಬ್ಬಕ್ಕೇ ‘ಸಿಪಿಯು’ ಎನ್ನುವ ನಮ್ಮ ಜನರನ್ನು ಕಂಡು ಕಿಸಕ್ಕೆನ್ನುವ ಎಂಜಿನಿಯರಿಂಗ್ ಹುಡುಗರು, ಅದರ ಹಿಂದೆ ಇಂಥದೊಂದು ದರ್ಶನವಿದೆ ಎಂಬುದನ್ನು ಅರಿಯಬೇಕು.

ಇನ್ನು ಪ್ರಮಾಣಗಳು. ಶಬ್ದಪ್ರಮಾಣವೆಂದರೆ ಪರದೆಯ ಮೇಲೆ ಮೂಡುವ ಸಂದೇಶ. ಅದನ್ನು ಆಪ್ತವಾಕ್ಯವೆಂದು ನಂಬಿ ಕೆಟ್ಟವರು ಬಹಳ. ಇಂಟೆಲ್ ಕಂಪನಿಯ 13 ಮತ್ತು 14ನೆಯ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳ ಪ್ರಕರಣ ಇದಕ್ಕೆ ಶ್ರೇಷ್ಠ ಉದಾಹರಣೆ. ಆ ಯಂತ್ರಗಳಲ್ಲಿ ಹಲವು ಆಟಗಳು ಶುರುವಾಗುವಾಗಲೇ ಬಿದ್ದು, ‘ವಿಡಿಯೋ ಮೆಮೊರಿ ಸಾಲದು’ ಎಂದು ಸಾಯುವ ಮುನ್ನ ಹೇಳಿಕೆ ಕೊಡುತ್ತಿದ್ದವು. ವಿಡಿಯೋ ಮೆಮೊರಿ ಇರುವುದು ಗ್ರಾಫಿಕ್ಸ್ ಕಾರ್ಡಿನಲ್ಲಿ, ಹಾಗಾಗಿ ಜಗತ್ತಿನ ಉದ್ದಗಲಕ್ಕೂ ಜನ ಕಾರ್ಡನ್ನು ಬೈದರು, ಡ್ರೈವರ್ ಕಿತ್ತು ಮತ್ತೆ ಹಾಕಿದರು, ಕೆಲವರು ಕಾರ್ಡನ್ನೇ ಬದಲಿಸಿದರು. ನಿಜದಲ್ಲಿ ಒತ್ತಿ ಮಡಿಸಿಟ್ಟ ಕಡತಗಳನ್ನು ಬಿಚ್ಚುವಾಗ ತಪ್ಪುತ್ತಿದ್ದುದು ಪ್ರೊಸೆಸರು. ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜು ಅದರ ಆರೋಗ್ಯ ಕೆಡಿಸಿತ್ತು. 2024ರ ಜುಲೈಯಲ್ಲಿ ಕಂಪನಿ ಇದನ್ನು ಒಪ್ಪಿತು, ಆಗಸ್ಟಿನಲ್ಲಿ ಹೊಸ ಮೈಕ್ರೋಕೋಡ್ ಬಿಟ್ಟಿತು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಇಲ್ಲಿ ಅಪರಾಧಿ ಅಗ್ಗದ ವಸ್ತುವಲ್ಲವಲ್ಲ, ನಿಮ್ಮ ಪ್ರತಿಜ್ಞೆ ಮುರಿಯಿತಲ್ಲ ಎಂದು ಯಾರಾದರೂ ಹುಬ್ಬೇರಿಸಬಹುದು. ಮುರಿಯಲಿಲ್ಲ. ಮೈಕ್ರೋಕೋಡಿನ ಬೆಲೆ ಸೊನ್ನೆ ರೂಪಾಯಿ. ಅದಕ್ಕಿಂತ ಅಗ್ಗದ ಭಾಗ ಡಬ್ಬದೊಳಗೆ ಬೇರೊಂದಿಲ್ಲ.

ಅನುಮಾನಪ್ರಮಾಣದ ವಿಚಾರಕ್ಕೆ ಭದ್ರಾವತಿಗಿಂತ ಪ್ರಶಸ್ತ ಸ್ಥಳವಿಲ್ಲ. ಈ ಊರಿನ ಹಳೆಯ ಹೆಸರು ಬೆಂಕಿಪುರ. ಹೊಗೆಯಿಂದ ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದ ಬಾಲಪಾಠ. ಬೆಂಕಿಯಿಂದ ಹೊಗೆಯನ್ನು ಊಹಿಸಹೋದರೆ ಮಾತ್ರ ಕೆಟ್ಟಂತೆ, ಏಕೆಂದರೆ ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದೂ ಹೊಗೆಯಿಲ್ಲ. ಹಳೆಯ ತಾರ್ಕಿಕರೇ ಕೊಟ್ಟಿರುವ ಈ ಪ್ರತ್ಯುದಾಹರಣೆಯನ್ನು ಭದ್ರಾವತಿ 1923ರಿಂದ ಟನ್ನುಗಟ್ಟಲೆ ಉತ್ಪಾದಿಸಿದೆ. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಟ್ಟಿಗೆಯ ಇದ್ದಿಲಿನಲ್ಲಿ ಕರಗಿಸುತ್ತಿದ್ದ ಕುಲುಮೆಯ ಊರಿನಲ್ಲೇ ಇಂದು ‘ಹೀಟ್ ಆಯ್ತು, ಅದಕ್ಕೇ ಬಿತ್ತು’ ಎಂಬ ದುರ್ಬಲ ಅನುಮಾನ ಮನೆಮನೆಯಲ್ಲೂ ಕೇಳಿಬರುವುದು ವಿಷಾದದ ಸಂಗತಿ. ಈಗಿನ ಪ್ರೊಸೆಸರುಗಳು ನೂರು ಡಿಗ್ರಿಯ ಆಸುಪಾಸಿಗೆ ಬಂದರೆ ಮೊದಲು ತಮ್ಮ ವೇಗ ತಗ್ಗಿಸಿಕೊಳ್ಳುತ್ತವೆ. ಬಿಸಿಲಿಗೆ ಸಿಕ್ಕ ಎತ್ತು ನಡಿಗೆ ನಿಧಾನ ಮಾಡುತ್ತದೆಯೇ ಹೊರತು ಮೊದಲ ಹೆಜ್ಜೆಗೇ ಕುಸಿಯುವುದಿಲ್ಲ. ಶಾಖವೊಂದೇ ಸಾಲದು, ಅದಕ್ಕೊಂದು ಉಪಾಧಿ ಬೇಕು: ಹೀಟ್‌ಸಿಂಕಿನ ಸಂದಿಯಲ್ಲಿ ಕಂಬಳಿಯಂತೆ ಕೂತ ದೂಳು, ಸುಣ್ಣದ ಹಾಗೆ ಒಣಗಿದ ಥರ್ಮಲ್ ಪೇಸ್ಟು, ಅಥವಾ ಆಯುಧಪೂಜೆಯಂದು ಫ್ಯಾನಿನ ಮೇಲೆಯೇ ಧಾರಾಳವಾಗಿ ಎರಚಿದ ಅರಿಶಿನ ಕುಂಕುಮ. ಮೂರಕ್ಕೂ ಮದ್ದು ಒಂದು ಪೇಂಟ್ ಬ್ರಷ್ಷು, ಒಂದು ಪೇಸ್ಟಿನ ಟ್ಯೂಬು. ಬೆಲೆಯನ್ನು ಓದುಗರು ಗಮನಿಸಬೇಕಾಗಿ ವಿನಂತಿ.

ಆದರೆ ನನ್ನ ಮುಖ್ಯ ಸಾಕ್ಷಿ ಗೋಡೆಯಲ್ಲಿದೆ. ಮೂರು ಪಿನ್ನಿನ ಪ್ಲಗ್ಗನ್ನು ಹತ್ತಿರದಿಂದ ನೋಡಿ: ಮೇಲಿನ ಅರ್ತ್ ಪಿನ್ನು ಉಳಿದೆರಡಕ್ಕಿಂತ ಉದ್ದ, ದಪ್ಪ. ಮೊದಲು ತಾಗಬೇಕು, ಕೊನೆಗೆ ಬಿಡಬೇಕು ಎಂಬುದಕ್ಕೇ ಅದನ್ನು ಉದ್ದ ಮಾಡಿದ್ದಾರೆ. ಹಳೆಯ ಮನೆಗಳಲ್ಲಿ ಅದು ಹೋಗಿ ಸೇರುವ ತೂತಿನ ಹಿಂದೆ ಎಷ್ಟೋ ಸಲ ತಂತಿಯೇ ಇರುವುದಿಲ್ಲ. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ಟಿನ ತಗಡು ಮುಟ್ಟಿದರೆ ಇರುವೆ ಹರಿದಂತೆ ಜುಂ ಎನ್ನುತ್ತದೆ, ಟೆಸ್ಟರ್ ಇಟ್ಟರೆ ಅದರ ಹೊಟ್ಟೆಯ ದೀಪ ಕೆಂಪಗೆ ಮಿಣುಕುತ್ತದೆ. ಇದು ಪ್ರತ್ಯಕ್ಷಪ್ರಮಾಣ, ಬೆರಳೇ ಸಾಕ್ಷಿ. ಮುಂದಿನ ಸಾಕ್ಷಿ ಡಬ್ಬದೊಳಗಿದೆ: ಗೋಡೆಯ 230 ವೋಲ್ಟನ್ನು 12ಕ್ಕಿಳಿಸುವ ಎಸ್‌ಎಂಪಿಎಸ್ಸು ಶೇಕಡಾ ಐದರಷ್ಟು ಮಾತ್ರ ಹಿಂದುಮುಂದಾಗಬಹುದು, ಅಂದರೆ 11.4ಕ್ಕಿಂತ ಕೆಳಗೆ ಜಾರಬಾರದು. ಆಟದಲ್ಲಿ ಬಾಂಬು ಸಿಡಿದ ಕ್ಷಣ ಕಾರ್ಡು ಒಮ್ಮೆಗೇ ಗುಟುಕರಿಸುವ ವಿದ್ಯುತ್ತಿಗೆ ಬಡಪಾಯಿ ಎಸ್‌ಎಂಪಿಎಸ್ಸು ತತ್ತರಿಸಿದರೆ ಫಟ್ಟೆಂದು ಎಲ್ಲ ಕತ್ತಲು. ಅದರ ಹಿಂದೆ ಕೂತ 600 ವಿಎ ಯುಪಿಎಸ್ಸು ಸಾಮಾನ್ಯವಾಗಿ ಹೊರಬಲ್ಲದ್ದು ಸುಮಾರು 360 ವಾಟ್. 600 ಎಂಬ ಅಂಕಿ ನೋಡಿ ನೆಮ್ಮದಿಯಿಂದಿದ್ದವರಿಗೆ ಕರೆಂಟು ಹೋದ ಕ್ಷಣದಲ್ಲಿ ಗಣಿತ ಅರ್ಥವಾಗುತ್ತದೆ. ಅಪರಾಧಿಯನ್ನು ಹಿಡಿಯುವ ದಾರಿಯೂ ಹಳೆಯದೇ: ಅನ್ವಯ-ವ್ಯತಿರೇಕ. ಅದಿದ್ದರೆ ಇದು, ಅದಿಲ್ಲದಿದ್ದರೆ ಇದಿಲ್ಲ. ಪಕ್ಕದ ಬೀದಿಯ ಗೆಳೆಯನ ಎಸ್‌ಎಂಪಿಎಸ್ಸನ್ನು ಒಂದು ರಾತ್ರಿಗೆ ಎರವಲು ತಂದು, ಬೇರೇನನ್ನೂ ಮುಟ್ಟದೆ ಆಡಿನೋಡುವುದು. ‘ಬೇರೇನನ್ನೂ ಮುಟ್ಟದೆ’ ಎಂಬ ಮಾತಿನಲ್ಲೇ ಹತ್ತರಲ್ಲಿ ಒಂಬತ್ತು ಸಂಶೋಧಕರು ಎಡವುತ್ತಾರೆ. ಡ್ರೈವರ್ ಬದಲಿಸಿ, ರ‍್ಯಾಮ್ ಒರೆಸಿ, ಬಯೋಸ್ ಏರಿಸಿ, ಎಲ್ಲವನ್ನೂ ಒಂದೇ ಭಾನುವಾರ ಮಾಡಿ ಆಟ ಬೀಳದೆ ನಿಂತರೆ ಯಾವ ದೇವರಿಗೆ ಕಾಯಿ ಒಡೆಯುವುದೆಂದೇ ತಿಳಿಯುವುದಿಲ್ಲ.

ರ‍್ಯಾಮ್ ವಿಷಯದಲ್ಲಿ ಭೂಗೋಳವೇ ಗುರು. ತುಂಗೆ ಭದ್ರೆಯರು ಗಂಗಾಮೂಲದ ಒಂದೇ ಬೆಟ್ಟದಲ್ಲಿ ಹುಟ್ಟಿ, ಒಬ್ಬಳು ಶಿವಮೊಗ್ಗ ಹಾಯ್ದು ಇನ್ನೊಬ್ಬಳು ಭದ್ರಾವತಿ ಹಾಯ್ದು, ಕೂಡಲಿಯಲ್ಲಿ ಸೇರುತ್ತಾರೆ. ಡ್ಯುಯಲ್ ಚಾನೆಲ್ ಎಂದರೆ ಇಷ್ಟೇ. ಒಂದೇ ಪೊಟ್ಟಣದಲ್ಲಿ ಹುಟ್ಟಿದ ಎರಡು ಪಟ್ಟಿಗಳು ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ ಕೂತು ಹರಿಯಬೇಕು. ಬೇರೆಬೇರೆ ಗೋತ್ರದವನ್ನು ತಂದು ಕೂಡಿಸಿ, ಮೇಲೆ ಎಕ್ಸ್‌ಎಂಪಿ ಆನ್ ಮಾಡಿ 3200ರ ವೇಗದಲ್ಲಿ ಓಡಿಸಿದರೆ ಸಂಗಮವಲ್ಲ, ಪ್ರವಾಹ.

ಈಗ ಪೂರ್ವಪಕ್ಷಗಳು. ಆಟವೇ ಕೆಟ್ಟದಾಗಿ ಬರೆದದ್ದಿರಬಹುದು ಎನ್ನುವವರಿಗೆ: ಒಂದೇ ಆಟ ಬಿದ್ದರೆ ಆಟದ ದೋಷ, ನಾಲ್ಕೂ ಬಿದ್ದರೆ ಮನೆಯ ದೋಷ. ವಿಂಡೋಸ್ ಬಳಕೆದಾರನ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದರೆ ಕೆಲವು ಆಟಗಳು ಆ ಹೆಸರಿನ ಫೋಲ್ಡರನ್ನು ಓದಲಾಗದೆ ತೆರೆಯುವುದೇ ಇಲ್ಲ ಎಂಬುದು ನಿಜ. ಅದು ಭಾಷಾಭಿಮಾನಿಗಳು ಕೈಗೆತ್ತಿಕೊಳ್ಳಬೇಕಾದ ಬೇರೆಯೇ ಹೋರಾಟ. ದೈವವಾದಿಗಳು 2003ರ ಬೆಲ್ಜಿಯಂ ಚುನಾವಣೆಯನ್ನು ತರುತ್ತಾರೆ: ಮತಯಂತ್ರವೊಂದರಲ್ಲಿ ಒಬ್ಬ ಅಭ್ಯರ್ಥಿಗೆ ಸರಿಯಾಗಿ 4096 ಮತ ಹೆಚ್ಚಿಗೆ ಬಿದ್ದು, ಆಕಾಶದಿಂದ ಬಂದ ಕಣವೊಂದು ಒಂದು ಬಿಟ್ಟನ್ನು ಮಗುಚಿರಬೇಕೆಂದು ಊಹಿಸಲಾಗಿತ್ತು. ಇರಲಿ. ಆದರೆ ಪ್ರತಿ ಸಂಜೆ ಏಳೂವರೆಗೆ, ಅದೂ ಮಿಕ್ಸಿ ಹಾಕಿದಾಗಲೇ ಬರುವ ಆಕಾಶಕಣವನ್ನು ಶಾಸ್ತ್ರ ಒಪ್ಪುವುದಿಲ್ಲ. ಎಲ್ಲಕ್ಕಿಂತ ಪ್ರಬಲವಾದದ್ದು ಮನೆಯ ಹಿರಿಯರ ಪಕ್ಷ: ‘ಬೆಳಗಿಂದ ಆಡ್ತಾನೇ ಇದೀಯ, ಅದಕ್ಕೂ ಸುಸ್ತಾಗಲ್ವಾ?’ ಇದನ್ನು ಖಂಡಿಸಲು ಮೂರು ಪುಟ ಬರೆದು ಹರಿದದ್ದಾಯಿತು. ಹೊತ್ತು ಕಳೆದಂತೆ ಶಾಖ ಏರುತ್ತದೆ, ಶಾಖ ಏರಿದಂತೆ ಬಡ ಎಸ್‌ಎಂಪಿಎಸ್ಸಿನ ಶಕ್ತಿ ಕುಗ್ಗುತ್ತದೆ. ಹಿರಿಯರ ಹೇತು ತಪ್ಪಿದ್ದರೂ ನಿಗಮನ ಸರಿಯಿದೆ ಎಂದಷ್ಟೇ ದಾಖಲಿಸಿ ಮುಂದೆ ಹೋಗುವುದು ವಿವೇಕ.

ಒಂದು ಸಮಸ್ಯೆ ಮಾತ್ರ ಉಳಿದಿದೆ. ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿದ್ದರೆ ವಿಂಡೋಸ್ ಮತ್ತೆ ಎದ್ದಾಗ ತನ್ನ ದಿನಚರಿಯಲ್ಲಿ ‘ಕರ್ನಲ್-ಪವರ್ 41’ ಎಂದು ಬರೆದುಕೊಳ್ಳುತ್ತದೆ. ಎಸ್‌ಎಂಪಿಎಸ್ಸು ಕೈಕೊಟ್ಟರೂ 41, ಇಡೀ ಬಡಾವಣೆಯ ಕರೆಂಟು ಹೋದರೂ 41. ಮಳೆಗಾಲದ ಆಗುಂಬೆ ಗಾಳಿಗೆ ಲೈನಿನ ಮೇಲೆ ಮರ ಬಿದ್ದ ರಾತ್ರಿ, ಯುಪಿಎಸ್ಸೂ ಹೊರಲಾರದೆ ಕೈಚೆಲ್ಲಿದಾಗ, ಈ ಎರಡನ್ನೂ ಬೇರ್ಪಡಿಸಲು ಮಲೆನಾಡಿನ ಸಂಶೋಧಕರಿಗಿರುವುದು ಒಂದೇ ವಿಧಾನ: ಕಿಟಕಿಗೆ ಹೋಗಿ ಪಕ್ಕದ ಮನೆಯಲ್ಲಿ ದೀಪ ಇದೆಯೇ ನೋಡುವುದು. ಇದ್ದರೆ ದೋಷ ನಮ್ಮದು, ಇಲ್ಲದಿದ್ದರೆ ಊರಿನದು. ಪಕ್ಕದ ಮನೆಯವರು ಇನ್ವರ್ಟರ್ ಹಾಕಿಸಿಕೊಂಡಿದ್ದರೆ ಅದು ಹೇತ್ವಾಭಾಸ. ಆಗ ಬೀದಿದೀಪ ನೋಡಬೇಕು.