ಅಪ್‌ಗ್ರೇಡಿನ ಮೌನವ್ರತ

ಲಿನಕ್ಸ್ ಕಂಪ್ಯೂಟರಿಗೆ ಹೊಸ ಆವೃತ್ತಿ ಹಾಕಿದ ಮೇಲೆ ಸದ್ದಡಗಿದರೆ ಸ್ಪೀಕರಿನ ತಲೆಗೆ ತಟ್ಟುವುದು ಲೋಕರೂಢಿ; ಪಾಪ, ಅದು ನಿರಪರಾಧಿ. ಹಾಡು ಹೊರಬರುವ ಮುನ್ನ ಲಿನಕ್ಸಿನ ತಿರುಳಾದ ಕರ್ನಲ್ಲಿನೊಳಗಿನ ಆಲ್ಸಾ ಎಂಬ ಧ್ವನಿ ವ್ಯವಸ್ಥೆ, ಅದರ ಮೇಲೆ ಕೂತು ಧ್ವನಿ ಹಂಚುವ ಯಜಮಾನ, ಇಬ್ಬರ ಕೈ ದಾಟಬೇಕು. ಈ ಯಜಮಾನಿಕೆ ಬಹುಕಾಲ ಪಲ್ಸ್‌ಆಡಿಯೊದ್ದಾಗಿತ್ತು. 2021ರಲ್ಲಿ ಫೆಡೋರಾ 34, 2022ರಲ್ಲಿ ಉಬುಂಟು 22.10 ಅದನ್ನು ಪೈಪ್‌ವೈರ್‌ಗೆ ವಹಿಸಿದವು. ಹಳಬ, ಹೊಸಬ ಇಬ್ಬರೂ ಒಂದೇ ಕುರ್ಚಿಗೆ ಜಗ್ಗಾಡಿದರೆ ಕೇಳುಗನ ಪಾಲಿಗೆ ನಿಶ್ಶಬ್ದವೇ ಗತಿ.

ಆದರೂ ಮೊದಲು ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ ನೋಡುವುದು ಒಳಿತು: ಎಷ್ಟೋ ಸಲ ಹಾಡು ಎಚ್‌ಡಿಎಂಐ ಕೇಬಲ್ ಹಿಡಿದು ಹೋಗಿ, ಸ್ಪೀಕರೇ ಇಲ್ಲದ ಮಾನಿಟರಿನಲ್ಲಿ ಕಛೇರಿ ನಡೆಸುತ್ತಿರುತ್ತದೆ. ಅಲ್ಲಿ ಸರಿಯಿದ್ದರೆ ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್. ಪಟ್ಟಿಯ ಕೆಳಗೆ ‘ಎಂಎಂ’ ಎಂದಿದ್ದರೆ ಯಾರೋ ಬಾಯಿ ಕಟ್ಟಿದ್ದಾರೆ. ‘ಎಂ’ ಒತ್ತಿದರೆ ಬಿಚ್ಚುತ್ತದೆ. ಬಗ್ಗದಿದ್ದರೆ ಪೈಪ್‌ವೈರ್ ರೀಸ್ಟಾರ್ಟ್. ಕೊನೆಗೆ ಕಂಪ್ಯೂಟರ್ ಶುರುವಾಗುವಾಗಿನ ಗ್ರಬ್ ಮೆನುವಿನಿಂದ ಹಳೆಯ ಕರ್ನಲ್ಲಿಗೆ ಬೂಟ್. ಆಗ ಸದ್ದು ಬಂದರೆ ಬೈಗುಳ ಹೊಸ ಕರ್ನಲ್ಲಿಗೆ ಸಲ್ಲಬೇಕು.