ವ್ಯಾಪ್ತಿ ಪ್ರದೇಶದ ಹೊರಗಿನಿಂದ ಒಂದು ಪತ್ರ

ಮುಂದಿನ ಮಹಾಮಾರಿಗೆ ಆನ್‌ಲೈನ್ ಶಿಕ್ಷಣದ ಕರಡು ಬರೆಯಲಿರುವ ತಜ್ಞ ಮಹಾಶಯರಿಗೆ,

ಗುಂಡ್ಲುಪೇಟೆ ಕಡೆಯಿಂದ ಶರಣು. ಕಳೆದ ಸಲ ನಮ್ಮ ಮಕ್ಕಳಿಗೆ ಮನೆ ಬಾಗಿಲಿಗೇ ಪಾಠ ಮುಟ್ಟಿಸಿದ್ದಕ್ಕೆ ವಂದನೆ ಹೇಳುವುದು ಬಾಕಿ ಇತ್ತು. ಆಗಲೇ ಹೇಳೋಣವೆಂದರೆ ಪರದೆಯ ಮೇಲಿನ ಚಕ್ರ ಸುತ್ತುವುದನ್ನು ನಿಲ್ಲಿಸಲಿಲ್ಲ.

ನಿಮ್ಮ ನಿಷ್ಪಕ್ಷಪಾತವನ್ನು ಮೆಚ್ಚಲೇಬೇಕು. 2020ರ ಜೂನ್‌ವರೆಗೆ ಚಾಮರಾಜನಗರ ಜಿಲ್ಲೆಯಲ್ಲಿ ಕೊರೊನಾದ ಒಂದು ಪ್ರಕರಣವೂ ಇರಲಿಲ್ಲ. ಆದರೂ ಬೆಂಗಳೂರಿನ ಶಾಲೆಗೆ ಬಿದ್ದ ಬೀಗವೇ ಹಂಗಳ, ತೆರಕಣಾಂಬಿಯ ಶಾಲೆಗೂ ಬಿತ್ತು. ಬೀಗದಲ್ಲಿ ಸಿಕ್ಕ ಸಮಾನತೆ ಮೊಬೈಲಿನಲ್ಲಿ ಸಿಗಲಿಲ್ಲ, ಅಷ್ಟೆ.

ನಮ್ಮ ಕಡೆ ಮನೆಗೊಂದು ಫೋನಿದ್ದರೆ ಅದು ಅಪ್ಪನದು. ಬೆಳಿಗ್ಗೆಯೇ ಅದು ಅಪ್ಪನ ಜೇಬಿನಲ್ಲಿ ಕೂತು ಅರಿಶಿನದ ಹೊಲಕ್ಕೋ ಚೆಂಡುಹೂವಿನ ತೋಟಕ್ಕೋ ಹೊರಟುಬಿಡುತ್ತದೆ. ‘ಅಪ್ಪ ಫೋನ್ ತಕ್ಕಂಡು ಹೊಲಕ್ಕೋದ್ರು ಮಿಸ್’ ಎಂದು ತಿಳಿಸಬೇಕಾದರೂ ಮಗುವಿಗೆ ಅದೇ ಫೋನು ಬೇಕು. ಸಂಜೆ ಫೋನು ಮನೆಗೆ ಬರುವ ಹೊತ್ತಿಗೆ ಡೇಟಾ ತೀರಿರುತ್ತಿತ್ತು. ತರಗತಿಯ ಮೊಬೈಲ್ ಗುಂಪಿಗೆ ಬಂದ ಪಾಠಗಳನ್ನೆಲ್ಲ ಬದುವಿನ ಮೇಲೆ ಕೂತು ನೋಡಿದ ಅಪ್ಪಂದಿರು ಮಾತ್ರ ಏಳನೇ ತರಗತಿ ವಿಜ್ಞಾನದಲ್ಲಿ ಚೆನ್ನಾಗಿ ಪಳಗಿದರು. ಅವರಿಗೊಂದು ಪರೀಕ್ಷೆ ಇಟ್ಟಿದ್ದರೆ ಜಿಲ್ಲೆಯ ಫಲಿತಾಂಶ ಏರುತ್ತಿತ್ತು.

ಇನ್ನು ಬುಡಕಟ್ಟು ಜನರು ನೆಲೆಸಿರುವ ಬಿಳಿಗಿರಿರಂಗನ ಬೆಟ್ಟದ ಪೋಡುಗಳು, ಬಂಡೀಪುರದ ಅಂಚಿನ ಹಾಡಿಗಳು. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳ ಸಂಚಾರವಿಲ್ಲ. ಸಿಗ್ನಲ್ ಇನ್ನೂ ಶಿಸ್ತಿನದು, ಹಗಲಲ್ಲೂ ಬರುವುದಿಲ್ಲ. ದಿಬ್ಬ ಹತ್ತಿದರೆ ಒಂದೆರಡು ಗೆರೆ ಮೂಡಬಹುದು. ಆ ದಿಬ್ಬಕ್ಕೆ ಆನೆಗಳೂ ಬರುತ್ತವೆ. ಅವಕ್ಕೆ ನೀವು ವೇಳಾಪಟ್ಟಿ ಕಳಿಸಿರಲಿಲ್ಲ.

ಎಳೆಯ ಮಕ್ಕಳಿಗೆ ಆನ್‌ಲೈನ್ ಪಾಠ ಬೇಡವೆಂದು ಸರ್ಕಾರ 2020ರ ಜೂನ್‌ನಲ್ಲಿ ಹೇಳಿತು. ಜುಲೈ 8ರಂದು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಟಿವಿಗಳಲ್ಲಿ ಬಿರುಸಿನ ಚರ್ಚೆ ನಡೆಯಿತು. ಹಾಡಿಯ ಮಕ್ಕಳಿಗೆ ನಿಷೇಧ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಅಂದಿನ ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ಅವರೇ ನಮ್ಮ ಜಿಲ್ಲೆಯ ಉಸ್ತುವಾರಿ ಸಚಿವರೂ ಆಗಿದ್ದರು. ಪಾಪ, ಟವರಿಗೆ ಈ ಸಂಗತಿಯನ್ನು ಯಾರೂ ತಿಳಿಸಿದಂತಿಲ್ಲ.

ಚಂದನ ವಾಹಿನಿಯ ‘ಸೇತುಬಂಧ’ ಪಾಠಗಳನ್ನು ಹಗುರಾಗಿ ಕಾಣಲಾರೆ, ಕರೆಂಟು ಇದ್ದ ಮನೆಗಳಿಗೆ ಅವು ಆಸರೆಯಾದವು. ಆದರೆ ನಿಮ್ಮ ಕರಡಿನಲ್ಲಿ ನಾಚಿಕೆಯಿಂದ ಮರೆಯಾಗಬಹುದಾದ ಹೆಸರು ಇನ್ನೊಂದಿದೆ: ‘ವಿದ್ಯಾಗಮ’. 2020ರ ಆಗಸ್ಟ್‌ನಲ್ಲಿ ಮೇಷ್ಟ್ರು, ಮೇಡಂಗಳು ಊರೂರಿಗೆ ಬಂದು ದೇವಸ್ಥಾನದ ಜಗಲಿಯಲ್ಲಿ, ಮರದ ನೆರಳಲ್ಲಿ ಮಕ್ಕಳನ್ನು ಕೂರಿಸಿ ಓದಿಸಿದರು. ಪಾಸ್‌ವರ್ಡ್ ಕೇಳಲಿಲ್ಲ. ಯಾರ ಧ್ವನಿಯೂ ಮಧ್ಯೆ ಕಡಿದುಹೋಗಲಿಲ್ಲ. ತಪ್ಪು ಬರೆದವನ ಸ್ಲೇಟನ್ನು ಅಲ್ಲೇ ಎಳೆದುಕೊಂಡು ತಿದ್ದಿದರು. ಆ ಕೆಲಸದಲ್ಲಿ ಅಪಾಯವೂ ಇತ್ತು. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗಲಿದ ಸುದ್ದಿ ಬಂದು ಅಕ್ಟೋಬರ್‌ನಲ್ಲಿ ಅದು ನಿಂತಿತು. ನಿಲ್ಲಿಸಿದ್ದು ತಪ್ಪೆನ್ನಲಾರೆ. ಜಗಲಿಗೆ ಬರುವ ಮೇಷ್ಟ್ರಿಗೆ ಮಾಸ್ಕು, ತಪಾಸಣೆ, ಬಸ್ ಚಾರ್ಜು ಹೊಂದಿಸುವ ಬದಲು ಮತ್ತೆ ಲಿಂಕ್ ಕಳಿಸಿದ್ದು ಮಾತ್ರ ತಪ್ಪು.

ಪರದೆಯಿಂದ ಎಲ್ಲರಿಗಿಂತ ಕಡಿಮೆ ಕಲಿಯಬಲ್ಲವರು ಅಆಇಈ ತಿದ್ದುವ ವಯಸ್ಸಿನವರು. ಅವರನ್ನೇ ನೀವು ಎಲ್ಲರಿಗಿಂತ ಹೆಚ್ಚು ಕಾಲ ಪರದೆಗೆ ಒಪ್ಪಿಸಿದಿರಿ. 9, 10ನೇ ತರಗತಿಗೆ 2021ರ ಆಗಸ್ಟ್ 23ರಂದು ಬಾಗಿಲು ತೆರೆದರೆ, 1ರಿಂದ 5ರವರಿಗೆ ತೆರೆದದ್ದು ಅಕ್ಟೋಬರ್ 25ರಂದು. ಒಂದನೇ ತರಗತಿಗೆ ಸೇರಿದ ಮಗು ಶಾಲೆಯ ಬೆಂಚು ಕಾಣದೆಯೇ ಎರಡನೇ ತರಗತಿಗೆ ತೇರ್ಗಡೆಯಾಗಿತ್ತು.

ಆದ್ದರಿಂದ ವಿನಂತಿ ಇಷ್ಟೇ. ಮುಂದಿನ ಕರಡಿನಲ್ಲಿ ಮೊದಲು ತೆರೆಯುವ ಬಾಗಿಲು ಚಿಕ್ಕವರದಾಗಿರಲಿ, ಮೊದಲ ಖರ್ಚು ಊರಿಗೆ ಬರುವ ಮೇಷ್ಟ್ರದಾಗಿರಲಿ. ಬರೆಯುವ ಮೊದಲು ಒಮ್ಮೆ ಬಸ್ಸು ಹತ್ತಿ ಇಲ್ಲಿಗೆ ಬನ್ನಿ. ವಿಡಿಯೊ ಕರೆ ಮಾಡಬೇಡಿ, ಸಿಗುವುದಿಲ್ಲ.

ಇಂತಿ,
ಗುಂಡ್ಲುಪೇಟೆ ತಾಲ್ಲೂಕಿನ ಒಬ್ಬ ಪೋಷಕ